ಓಟೆಯೊಳಗಿನ ದುಂಬಿ

ಮಾವಿನ ಓಟೆಯನ್ನು ಒಡೆದಾಗ ಒಳಗೊಂದು ಕಪ್ಪು ದುಂಬಿ ಕುಳಿತಿರುವುದನ್ನು ಓದುಗರು ಕಂಡಿರಬಹುದು. ಸಿಪ್ಪೆಯಲ್ಲಿ ತೂತಿಲ್ಲ, ಓಟೆಯಲ್ಲಿ ಬಿರುಕಿಲ್ಲ. ಮತ್ತೆ ಇದು ಒಳಹೊಕ್ಕದ್ದು ಹೇಗೆ? ಹಣ್ಣಿನಲ್ಲಿ ತಾನಾಗಿ ಹುಟ್ಟಿತೆಂದು ಸುಮ್ಮನಾಗುವವರನ್ನು ನಾನು ಬಲ್ಲೆ. ನಿಜಸಂಗತಿ ಅದಕ್ಕಿಂತ ಸ್ವಾರಸ್ಯವಾಗಿದೆ.

ಓಟೆಹುಳುವೆಂಬ ಈ ಸೊಂಡಿಲಿನ ದುಂಬಿಯ ಉದ್ದ ಸುಮಾರು 8 ಮಿಲಿಮೀಟರ್. ಹೆಣ್ಣು ಎಳೆಗಾಯಿಯ ಸಿಪ್ಪೆಯಲ್ಲಿ ಮೊಟ್ಟೆಯಿಟ್ಟು, ಪಕ್ಕದಲ್ಲೊಂದು ಸಣ್ಣ ಸೀಳು ಮಾಡುತ್ತದೆ. ಜಿನುಗಿದ ಸೊನೆ ಮೊಟ್ಟೆಯ ಮೇಲೆ ಹರಿದು ಗಟ್ಟಿಯಾಗುತ್ತದೆ. ಕಾಯಿಯ ಗಾಯವೇ ಶತ್ರುವಿನ ಶಿಶುವಿಗೆ ರಕ್ಷೆ! ಒಂದು ವಾರದೊಳಗೆ ಹೊರಬಂದ ಮರಿಹುಳು ತಿರುಳನ್ನು ಕೊರೆದು, ಇನ್ನೂ ಮೆತ್ತಗಿರುವ ಓಟೆಯನ್ನು ಸೇರುತ್ತದೆ. ಕಾಯಿ ಬಲಿತಂತೆ ಅದು ಬಂದ ದಾರಿ ಕೂಡಿಕೊಳ್ಳುತ್ತದೆ. ಓಟೆ ಗಟ್ಟಿಯಾಗಿ ಬಾಗಿಲು ಮುಚ್ಚುತ್ತದೆ. ಒಳಗಿನ ಬೀಜವೇ ಅನ್ನ, ಅಲ್ಲಿಯೇ ಕೋಶಾವಸ್ಥೆ. ಹಣ್ಣು ಬಿದ್ದು ಕೊಳೆತ ಮೇಲೆ ದುಂಬಿ ಓಟೆಯಿಂದ ಹೊರಬಂದು, ಮುಂದಿನ ಹೂವಿನ ಕಾಲದವರೆಗೆ ತೊಗಟೆಯ ಬಿರುಕುಗಳಲ್ಲಿ ಅವಿತಿರುತ್ತದೆ. ವರ್ಷಕ್ಕೆ ಒಂದೇ ತಲೆಮಾರು.

ತಿನ್ನುವವನಿಗೆ ಇದರಿಂದ ನಷ್ಟವೇನೂ ಕಾಣದು. ಆದರೂ ಮುಖ್ಯವಾಗಿ ಇಂತಹ ಕೀಟಗಳ ಭಯದಿಂದ ಅಮೆರಿಕ ನಮ್ಮ ಮಾವನ್ನು ಬಹುಕಾಲ ಒಳಗೆ ಬಿಡಲಿಲ್ಲ. 2007ರಲ್ಲಿ ಬಿಟ್ಟದ್ದೂ ಹಣ್ಣಿಗೆ 400 ಗ್ರೇ ವಿಕಿರಣ ಹಾಯಿಸಬೇಕೆಂಬ ಕಟ್ಟಳೆಯ ಮೇಲೆ. ಅಷ್ಟರಿಂದ ಹುಳು ಕೂಡಲೇ ಸಾಯಬೇಕೆಂದಿಲ್ಲ. ಸಂತಾನಶಕ್ತಿ ಕಳೆದುಕೊಂಡರೆ ಸಾಕು.

ತೋಟದಲ್ಲಿಯಾದರೋ ಉಪಾಯ ಸರಳ: ಉದುರಿದ ಹಣ್ಣನ್ನೂ ಎಸೆದ ಓಟೆಯನ್ನೂ ಆಯ್ದು ನಾಶಮಾಡುವುದು. ದುಂಬಿ ಬಹುದೂರ ಹಾರುವಂಥದಲ್ಲ. ಊರಿಂದೂರಿಗೆ ಅದು ಹೋಗುವುದು ಓಟೆಯೊಳಗೆ ಕುಳಿತು, ನಮ್ಮ ಬುಟ್ಟಿಗಳಲ್ಲಿಯೇ.