ಬೀಗದ ಕೈ ಯಾರ ಬಳಿ?

ಬೆಂಗಳೂರು ದಂಡು ಪ್ರದೇಶದ ಒಂದು ಹಳೆಯ ಕಾಲೇಜಿನಲ್ಲಿ, ಪ್ರಾಂಶುಪಾಲರ ಕೋಣೆಯ ಪಕ್ಕದ ಇಕ್ಕಟ್ಟು ಜಾಗದಲ್ಲಿ ಮರದ ಹಲಗೆಯೊಂದಿದೆ. ಹಲಗೆಯ ತುಂಬ ಮೊಳೆ, ಮೊಳೆಗೊಂದು ಬೀಗದ ಕೈ. ಮೆಟ್ಟಿಲ ಬಾಗಿಲಿನ ಕೈಗಳಿಗೆ ಕೆಂಪು ದಾರ, ಪ್ರಯೋಗಾಲಯದವಕ್ಕೆ ಹಸಿರು, ತಾರಸಿಯದಕ್ಕೆ ಬಿಳಿ. ದಾರ ಕಟ್ಟಿದವರು ಅಲ್ಲಿನ ಹಿರಿಯ ಅಟೆಂಡರ್. ಕರೆಂಟು ಹೋದ ಮಳೆಗಾಲದ ಸಂಜೆಯಲ್ಲೂ ಕೈಗೆ ಸರಿಯಾದದ್ದೇ ಸಿಗಬೇಕು ಎಂದು ಕೆಂಪು ದಾರಕ್ಕೆ ಎರಡು ಗಂಟು, ಬಿಳಿಗೆ ಮೂರು ಗಂಟು ಹಾಕಿದ್ದಾರೆ. ಕಾಲೇಜುಗಳ ಸುರಕ್ಷತಾ ಸಮಿತಿಗಳ ಬಗ್ಗೆ ಬರೆಯಲೆಂದು ಹೋದವನು ಆ ಹಲಗೆಯ ಮುಂದೆಯೇ ನಿಂತುಬಿಟ್ಟೆ.

ಶೈಕ್ಷಣಿಕ ವರ್ಷ ಶುರುವಾದೊಡನೆ ಪ್ರತಿ ಕಾಲೇಜಿನಲ್ಲೂ ಒಂದು ಸುತ್ತೋಲೆ ಹೊರಡುತ್ತದೆ: ಪರೀಕ್ಷಾ ಸಮಿತಿ, ಶಿಸ್ತು ಸಮಿತಿ, ಗ್ರಂಥಾಲಯ ಸಮಿತಿ, ಕ್ರೀಡಾ ಸಮಿತಿ. ಹೆಸರಿನ ಮುಂದೆ ಸಹಿ ಮಾಡುತ್ತ ಅಧ್ಯಾಪಕರು ತಮ್ಮ ಪಾಲಿಗೆ ಏನು ಬಂತೆಂದು ನೋಡಿಕೊಳ್ಳುತ್ತಾರೆ. ರ್‍ಯಾಗಿಂಗ್ ತಡೆ ಸಮಿತಿಯನ್ನು ಯುಜಿಸಿ 2009ರ ನಿಯಮದಲ್ಲೇ ಕಡ್ಡಾಯ ಮಾಡಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ, 1994ರಲ್ಲಿ ಬೆಂಗಳೂರಿನಲ್ಲೇ ನೆಲೆಗೊಂಡ ನ್ಯಾಕ್ ಬಂದ ಮೇಲೆ, ಪ್ರತಿ ಸಭೆಗೂ ನಡಾವಳಿ, ಪ್ರತಿ ನಡಾವಳಿಗೂ ಕಡತ ಎಂಬ ಶಿಸ್ತು ಬಂತು. ಅದು ಒಳ್ಳೆಯದೇ. ಹಳೆಯ ಅಧ್ಯಾಪಕರೊಬ್ಬರು ಹೇಳುವಂತೆ, ಮೊದಲೆಲ್ಲ ಈ ಸಭೆಗಳು ಸ್ಟಾಫ್ ರೂಮಿನ ಮಾತಿನಲ್ಲೇ ಮುಗಿದುಹೋಗುತ್ತಿದ್ದವು.

ಆದರೆ ಅವಘಡದ ದಿನ ಓಡಾಡುವವರು ಬೇರೆ. ರಾಷ್ಟ್ರೀಯ ಸೇವಾ ಯೋಜನೆ (ಎನ್ನೆಸ್ಸೆಸ್) 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದಾಗ ಸ್ವಯಂಸೇವಕರು 40,000 ಮಂದಿ. ಇಂದು ಎನ್ನೆಸ್ಸೆಸ್ ಮಕ್ಕಳೂ ಎನ್‌ಸಿಸಿ ಕೆಡೆಟ್‌ಗಳೂ ಇಲ್ಲದೆ ಕಾಲೇಜಿನ ಯಾವ ದೊಡ್ಡ ಕೆಲಸವೂ ಸಾಗದು. ಇವರಿಗೆ ತರಬೇತಿ ಬೇಕೆಂದರೆ ಪೂರ್ವ ಬೆಂಗಳೂರಿನವರು ದೂರ ಹೋಗಬೇಕಿಲ್ಲ. ಅಗ್ನಿಶಾಮಕ ಇಲಾಖೆಯ ಕೇಂದ್ರ ಕಚೇರಿ ಹಲಸೂರು ಕೆರೆಯ ಪಕ್ಕದ ಅಣ್ಣಾಸ್ವಾಮಿ ಮುದಲಿಯಾರ್ ರಸ್ತೆಯಲ್ಲಿದೆ. 2025ರ ಮೇ 7ರಂದು ದೇಶದಾದ್ಯಂತ ಪೌರರಕ್ಷಣೆಯ ಅಣಕು ಕವಾಯತು ನಡೆದಾಗ ಬೆಂಗಳೂರಿನ ಕವಾಯತು ನಡೆದದ್ದು ಹಲಸೂರಿನಲ್ಲೇ. ಸೈರನ್ ಏರಿಳಿದು ಕೂಗಿದರೆ ಅಪಾಯ, ಒಂದೇ ಸಮನೆ ಕೂಗಿದರೆ ಅಪಾಯ ಕಳೆಯಿತು. ಇಬ್ಬರು ಎದುರುಬದುರು ನಿಂತು ನಾಲ್ಕು ಕೈ ಹೆಣೆದು ಕುರ್ಚಿ ಮಾಡಿ ಗಾಯಾಳುವನ್ನು ಹೊರುವುದು, ಹಗ್ಗದಲ್ಲಿ ಎರಡು ಕುಣಿಕೆ ಹಾಕಿ ಮಹಡಿಯಿಂದ ಇಳಿಸುವುದು: ಇವು ಪೌರರಕ್ಷಣಾ ತರಬೇತಿಯಲ್ಲಿ ಹೇಳಿಕೊಡುವ ವಿದ್ಯೆಗಳು. ಬರಿಗೈಯಲ್ಲೂ ಒಬ್ಬರ ಜೀವ ಹೊತ್ತು ತರಬಹುದು ಎಂಬ ಧೈರ್ಯ ಹದಿನೆಂಟರ ವಯಸ್ಸಿಗೆ ಬೇಗ ಹತ್ತುತ್ತದೆ.

ಈ ಭಾಗಕ್ಕೆ ಮುನ್ನೆಚ್ಚರಿಕೆ ಹೊಸತಲ್ಲ. 1898ರ ಪ್ಲೇಗು ಕಿಕ್ಕಿರಿದ ಕೇರಿಗಳಲ್ಲಿ ಸಾವು ಹರಡಿದ ಮೇಲೆಯೇ, ಗಾಳಿ ಬೆಳಕು ಸುಳಿಯುವ ಬೀದಿಗಳಿರಲಿ ಎಂದು ಫ್ರೇಜರ್ ಟೌನ್ ಬಡಾವಣೆ ಮಾಡಿದರು. ಇನ್ನೊಂದು ನೆನಪು ತೀರ ಹತ್ತಿರದ್ದು. 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು 9 ಮಂದಿ ಸತ್ತರು. ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರುಗಟ್ಟಿದವರು ಕಿಟಕಿಯಿಂದ ಜಿಗಿದರು. ಹೊರಬರುವ ದಾರಿಗಳು ಮುಚ್ಚಿದ್ದವು ಎಂಬುದೇ ಆಗ ಎದ್ದ ದೊಡ್ಡ ದೂರು. ಮಗನನ್ನು ಕಳೆದುಕೊಂಡ ಉದಯ್ ವಿಜಯನ್ ಮತ್ತು ಇತರರು 'ಬಿಯಾಂಡ್ ಕಾರ್ಲ್‌ಟನ್' ಎಂಬ ವೇದಿಕೆ ಕಟ್ಟಿ, ಅಗ್ನಿಸುರಕ್ಷತೆಗಾಗಿ ದನಿಯೆತ್ತುತ್ತ ಬಂದಿದ್ದಾರೆ.

ದಾರ ಕಟ್ಟಿದ ಆ ಅಟೆಂಡರ್‌ಗೂ ಕಾರ್ಲ್‌ಟನ್ನಿನ ಆ ಮಧ್ಯಾಹ್ನ ಚೆನ್ನಾಗಿ ನೆನಪಿದೆ. ಮರುದಿನ ಪತ್ರಿಕೆ ಓದಿದವರೇ ಹಿಂಬದಿಯ ಮೆಟ್ಟಿಲ ಬಾಗಿಲಿಗೆ ಹೋಗಿ ಬೀಗ ಎಳೆದು ನೋಡಿದರಂತೆ. ತುಕ್ಕು ಹಿಡಿದು ಜಾಮ್ ಆಗಿತ್ತು. ಅಂದಿನಿಂದ ಬೆಳಿಗ್ಗೆ ಗಂಟೆ ಹೊಡೆಯುವ ಮೊದಲು ಆ ಬಾಗಿಲು ತೆಗೆಯುವುದು, ಕೊನೆಯ ತರಗತಿ ಬಿಟ್ಟ ಮೇಲೆ ಹಾಕುವುದು ಅವರ ಕೆಲಸ. ಹಾಗೆ ಮಾಡಿ ಎಂದು ಯಾರೂ ಆದೇಶ ಕೊಟ್ಟಿಲ್ಲ. ಬೇಸಿಗೆಯಲ್ಲಿ ಬೀಗಗಳಿಗೆ ಎಣ್ಣೆ ಬಿಡುತ್ತಾರೆ. ಅಗ್ನಿಶಾಮಕ ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯೊಳಗೇ ಇದೆಯೇ ಎಂದು ನೋಡುತ್ತಾರೆ. ಯಾವ ತರಗತಿಯಲ್ಲಿ ಊರುಗೋಲು ಹಿಡಿದು ಬರುವ ವಿದ್ಯಾರ್ಥಿನಿ ಇದ್ದಾಳೆ, ಅವಳಿಗೆ ಯಾವ ಮೆಟ್ಟಿಲು ಹತ್ತಿರ, ಅದೂ ಅವರಿಗೆ ಗೊತ್ತು. ಸುರಕ್ಷತಾ ಸಮಿತಿಯ ಪಟ್ಟಿಯಲ್ಲಿ ಮಾತ್ರ ಅವರ ಹೆಸರಿಲ್ಲ. ಸಭೆಗೆ ಚಹಾ ತರುತ್ತಾರೆ, ಕುರ್ಚಿ ಜೋಡಿಸುತ್ತಾರೆ, ಹೊರಗೆ ನಿಲ್ಲುತ್ತಾರೆ. ನನಗೆ ಇದು ಸಣ್ಣ ಲೋಪವಾಗಿ ಕಾಣಲಿಲ್ಲ. ಬೀಗದ ಕೈ ಇರುವವರನ್ನು ಬಿಟ್ಟು ಹೊರಬರುವ ದಾರಿಯ ಬಗ್ಗೆ ಚರ್ಚಿಸುವುದು ಹೇಗೆ?

ಕೆ.ಆರ್. ಪುರದ ಕಡೆ ಚಿಂತೆ ಬೇರೆ, ಅಲ್ಲಿ ಮಳೆಯ ಭಯ. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿದ್ದನ್ನು ಕಂಡವರು ದಾಖಲಾತಿ ಕಡತ, ಅಂಕಪಟ್ಟಿಗಳನ್ನು ನೆಲಮಹಡಿಯಿಂದ ಮೇಲಕ್ಕೆ ಸಾಗಿಸಬೇಕು. ಅಲ್ಲೂ ಮೋಟರಿನ ಸ್ವಿಚ್ಚು, ಚರಂಡಿಯ ಬಾಯಿ ಎಲ್ಲಿದೆ ಎಂದು ಬಲ್ಲವರು ಕಾವಲುಗಾರರು, ಆಯಾಗಳು. ಅವರನ್ನೂ ಸಮಿತಿಯ ಮೇಜಿಗೆ ಕರೆಯಲಿ.

ತಡವಾದರೆ ಕರೆಯಲು ಅವರೇ ಇರುವುದಿಲ್ಲ. ಕಾಯಂ ಅಟೆಂಡರುಗಳು ನಿವೃತ್ತರಾಗುತ್ತಿದ್ದಾರೆ, ಆ ಜಾಗಕ್ಕೆ ಹೊರಗುತ್ತಿಗೆಯವರು ಬರುತ್ತಾರೆ. ಏಜೆನ್ಸಿ ಬದಲಾದರೆ ಮುಖವೂ ಬದಲಾಗುತ್ತದೆ. ಕಟ್ಟಡದ ಗುಟ್ಟು ಕಲಿಯುವಷ್ಟು ಕಾಲ ಅವರನ್ನು ಯಾರೂ ಉಳಿಸಿಕೊಳ್ಳುವುದಿಲ್ಲ, ಅದು ಅವರ ತಪ್ಪಲ್ಲ. ನಾನು ಕಂಡ ಹಿರಿಯರೂ ಈ ವರ್ಷ ನಿವೃತ್ತರಾಗಲಿದ್ದಾರೆ. ಎನ್ನೆಸ್ಸೆಸ್‌ನ ಇಬ್ಬರು ಹುಡುಗಿಯರು ತರಗತಿ ಮುಗಿದ ಮೇಲೆ ಅವರ ಹಿಂದೆ ನಡೆದು, ಯಾವ ಬಾಗಿಲಿಗೆ ಯಾವ ಕೈ, ಯಾವುದನ್ನು ಸ್ವಲ್ಪ ಮೇಲಕ್ಕೆತ್ತಿ ತಿರುಗಿಸಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಾರೆ. ನೆಲಮಹಡಿ ಮುಗಿದಿದೆ. ಮೇಲಿನೆರಡು ಇನ್ನೂ ಬಾಕಿ.