ಕರುಳಿನ ಬೇನೆಗೆ ಸಾಕ್ಷಿ ಯಾರು?

ನೋವು ಇಳಿದೊಡನೆ ರೋಗವೂ ಇಳಿಯಿತೆಂದು ನಂಬುವುದು ಮನೆಮನೆಯ ವಾಡಿಕೆ. ಕ್ರೋನ್ಸ್ ಎಂಬ ಕರುಳಿನ ವ್ಯಾಧಿಯಲ್ಲಿ ಈ ನಂಬಿಕೆಯು ಮೋಸಗೊಳಿಸುವುದುಂಟು. 1932ರಲ್ಲಿ ನ್ಯೂಯಾರ್ಕಿನ ಡಾಕ್ಟರ್ ಕ್ರೋನ್ ಅವರೂ ಇಬ್ಬರು ಸಹೋದ್ಯೋಗಿಗಳೂ ವರ್ಣಿಸಿದ ಈ ರೋಗದಲ್ಲಿ, ಹೊರಗೆ ಸುಖವಾಗಿ ಕಾಣುವವನ ಒಳಗೆ ಹುಣ್ಣು ಬೆಳೆದು ಕರುಳು ಇಕ್ಕಟ್ಟಾಗಬಹುದು. ಹುಣ್ಣು ಮಾಯ್ದ ಮೇಲೂ ಕೆಲವರಿಗೆ ಭೇದಿ ನಿಲ್ಲದು.

1976ರ ಗಣನಾಕ್ರಮವು ಬಹುಮಟ್ಟಿಗೆ ರೋಗಿಯೇ ಏಳು ದಿನ ಬರೆದಿಟ್ಟ ಭೇದಿ, ನೋವುಗಳ ಲೆಕ್ಕವನ್ನು ನಂಬಿತ್ತು. ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಹಿರಿದೆಂದು ನಮ್ಮ ತಾರ್ಕಿಕರು ಹೇಳುವರಷ್ಟೆ! ಎಂಡೋಸ್ಕೋಪಿಯ ನಳಿಗೆಯು ಅದನ್ನೇ ಒದಗಿಸುವುದು. 2004ರಲ್ಲಿ ಪ್ರಕಟವಾದ ಸರಳ ಮಾಪನದಂತೆ, ಕರುಳಿನ ಐದು ಭಾಗಗಳಲ್ಲಿ ಹುಣ್ಣಿನ ಗಾತ್ರ, ವ್ಯಾಪ್ತಿ, ಇಕ್ಕಟ್ಟುಗಳಿಗೆ ವೈದ್ಯರು ಅಂಕ ಕೊಡುವರು.

ಆದರೆ ತಿಂಗಳು ತಿಂಗಳೂ ನಳಿಗೆಯನ್ನು ಇಳಿಸಲಾದೀತೆ? ಆಗ ಹೊಗೆಯಿಂದ ಬೆಂಕಿಯನ್ನು ಊಹಿಸುವ ಅನುಮಾನವೇ ಗತಿ. ಉರಿಯೂತವಾದಾಗ ಯಕೃತ್ತು ಸಿ-ರಿಯಾಕ್ಟಿವ್ ಪ್ರೋಟೀನನ್ನು ರಕ್ತಕ್ಕೆ ಬಿಡುವುದು. ಅನ್ಯ ಸೋಂಕಿನಲ್ಲಿಯೂ ಅದು ಏರುವುದರಿಂದ ಈ ಹೊಗೆ ಯಾವ ಒಲೆಯದೆಂಬ ಸಂಶಯ ತಪ್ಪದು. ಕರುಳಿಗೆ ನುಗ್ಗಿದ ಬಿಳಿಯ ರಕ್ತಕಣಗಳಿಂದ ಹೊರಬರುವ ಕ್ಯಾಲ್‌ಪ್ರೊಟೆಕ್ಟಿನ್ ಮಲದಲ್ಲಿಯೇ ದೊರೆಯುವುದರಿಂದ ಹೆಚ್ಚು ಹತ್ತಿರದ ಸಾಕ್ಷಿ. ಗ್ರಾಮಿಗೆ 250 ಮೈಕ್ರೋಗ್ರಾಮನ್ನು ಮೀರಿದರೆ ಶಂಕೆ ಬಲವಾಗುವುದು. ಕೆಲವು ನೋವಿನ ಗುಳಿಗೆಗಳಿಂದಲೂ ಅದು ಏರುವುದುಂಟು. ಗುಳಿಗೆ ನುಂಗಿದ್ದರೆ ವೈದ್ಯರಿಗೆ ತಿಳಿಸತಕ್ಕದ್ದು.

244 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಲಕ್ಷಣಗಳೊಡನೆ ಈ ಎರಡು ಗುರುತುಗಳನ್ನೂ ನೋಡಿ ಮದ್ದು ಹೆಚ್ಚಿಸಿದವರಲ್ಲಿ 48 ವಾರಗಳ ತರುವಾಯ ನೂರಕ್ಕೆ 46 ಮಂದಿಯ ಕರುಳು ಮಾಯ್ದಿತ್ತು. ಲಕ್ಷಣಗಳನ್ನಷ್ಟೇ ನಂಬಿದ ಪಕ್ಷದಲ್ಲಿ 30 ಮಂದಿಯದು. ಮಲದ ಡಬ್ಬಿಯನ್ನು ಕೊಡಲು ಸಂಕೋಚಪಡುವ ಹಿರಿಯರಿಗೆ ಈ ಅಂಕಿಗಳನ್ನು ಓದಿ ಹೇಳಬಹುದು.