ಮೂರಿಂಚು ಫ್ಲಾಂಜು ಅಂದ್ರೆ ಸಾಲದು, ತೂತು ಎಷ್ಟು ಅಂತ ಕೇಳಿ

ಬೇಸಿಗೆ ಶುರುವಾದರೆ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಥರ: “ಮೋಟ್ರು ತಿರುಗ್ತದೆ ಕಣಣ್ಣ, ನೀರೇ ಬತ್ತಾ ಇಲ್ಲ.” ವಿ.ಸಿ. ನಾಲೆಯಲ್ಲಿ ಕಟ್ಟು ನೀರು. ಒಂದು ಸರದಿಯಿಂದ ಇನ್ನೊಂದು ಸರದಿಗೆ ಕಬ್ಬು ಉಳಿಸಿಕೊಳ್ಳಬೇಕಾದರೆ ಬಾವಿಯೋ ಬೋರೋ ಶಿಂಷಾ ದಡದ ಪಂಪ್‌ಸೆಟ್ಟೋ ಕೈ ಹಿಡಿಯಬೇಕು. ತ್ರೀ ಫೇಸ್ ಕರೆಂಟು ಸಿಗೋದು ದಿನಕ್ಕೆ 7 ಗಂಟೆ. ಆ ಹೊತ್ತಲ್ಲಿ ಪಂಪು ಗಾಳಿ ಎಳೀತಾ ಕೂತರೆ ಆ ದಿನ ಹೋಯ್ತು ಅಂತಲೇ ಲೆಕ್ಕ.

ಹೋದ ತಿಂಗಳು ಮದ್ದೂರು ಕಡೆಯ ಒಬ್ಬ ಹುಡುಗ ವಿಡಿಯೋ ಕಾಲ್ ಮಾಡಿದ್ದ. 5 ಎಚ್‌ಪಿ ಮೋಟ್ರು, ಎರಡು ತಿಂಗಳ ಕಬ್ಬು, ನಾಲ್ಕು ದಿನದಿಂದ ನೀರಿಲ್ಲ. ಫುಟ್‌ವಾಲ್ವ್ ಹೊಸದು ಹಾಕಿಸಿದ್ದಾನೆ, ಮೋಟ್ರು ಬಿಚ್ಚಿಸಿ ವೈಂಡಿಂಗ್ ನೋಡಿಸಿದ್ದಾನೆ. ಫೋನನ್ನು ಪಂಪಿನ ಬಾಯಿ ಹತ್ತಿರ ಹಿಡಿ ಅಂದೆ. ಪಂಪಿನ ಬೀಡು ಕಬ್ಬಿಣದ ಫ್ಲಾಂಜಿಗೆ ನಾಲ್ಕು ತೂತು, ಅದಕ್ಕೆ ಕೂರಿಸಿದ ಪಿವಿಸಿ ಫ್ಲಾಂಜಿಗೆ ಎಂಟು ತೂತು. ಹೊಂದದ್ದಕ್ಕೆ ತೂತುಗಳನ್ನು ಅರ ಹಾಕಿ ಒಳಕ್ಕೆ ಉಜ್ಜಿ ಉದ್ದ ಮಾಡಿದ್ದಾರೆ. ಎರಡು ಬೋಲ್ಟು ಬಿಗಿ, ಇನ್ನೆರಡು ಸುಮ್ಮನೆ ನೇತಾಡ್ತಾ ಇವೆ. ಎರಡೂ ಮೂರಿಂಚಿನವೇ. ಅಂಗಡಿಯವರು “ಮೂರಿಂಚು” ಕೇಳಿದ್ದಕ್ಕೆ ಮೂರಿಂಚೇ ಕೊಟ್ಟಿದ್ದಾರೆ.

ಇಂಚು ಹೇಳೋದು ಪೈಪಿನ ಅಳತೆಯನ್ನ. ಫ್ಲಾಂಜು ಕೂರೋದು ಬೋಲ್ಟಿನ ವೃತ್ತದ ಮೇಲೆ, ಫಿಟ್ಟರುಗಳು ಇದಕ್ಕೆ ಪಿಸಿಡಿ ಅಂತಾರೆ. ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವ ಮೂರಿಂಚು ಫ್ಲಾಂಜುಗಳನ್ನೇ ತಗೊಳ್ಳಿ. ಹಳೇ ಬ್ರಿಟಿಷ್ ಪದ್ಧತಿಯ ಟೇಬಲ್ ಡಿ, ಟೇಬಲ್ ಇ ಆದರೆ ಪಿಸಿಡಿ 146 ಮಿ.ಮೀ., ನಾಲ್ಕು ತೂತು. ಅಮೆರಿಕದ ಕ್ಲಾಸ್ 150 ಆದರೆ ಸುಮಾರು 152 ಮಿ.ಮೀ., ಅದಕ್ಕೂ ನಾಲ್ಕೇ ತೂತು. ಪಿಎನ್ 10, ಪಿಎನ್ 16 ಅಂತ ಬರೆದಿದ್ದರೆ 160 ಮಿ.ಮೀ., ಸಾಮಾನ್ಯವಾಗಿ ಎಂಟು ತೂತು. ಮೊದಲಿನ ಎರಡರ ನಡುವೆ ಆರೇ ಮಿ.ಮೀ. ವ್ಯತ್ಯಾಸ, ಕಣ್ಣಿಗೆ ಕಾಣೋದೇ ಇಲ್ಲ. ನಾಲ್ಕಿಂಚಿಗೆ ಬಂದರೆ ಟೇಬಲ್ ಡಿಗೆ ನಾಲ್ಕು ತೂತು, ಟೇಬಲ್ ಇಗೆ ಎಂಟು, ಎರಡರ ಪಿಸಿಡಿ ಮಾತ್ರ ಒಂದೇ, 178.

ಅಳೆಯೋದು ಸುಲಭ. ಒಂದು ತೂತಿನ ಎಡ ಅಂಚಿನಿಂದ, ನೇರ ಎದುರಿಗಿರುವ ತೂತಿನ ಎಡ ಅಂಚಿಗೆ ಟೇಪು ಹಿಡೀರಿ. ಅದೇ ಪಿಸಿಡಿ. ಮಧ್ಯಬಿಂದು ಹುಡುಕುವ ರಗಳೆ ಬೇಡ. ಟೇಪು ಹಿಡಿದಂಗೇ ಒಂದು ಫೋಟೋ, ತೂತುಗಳೆಲ್ಲ ಕಾಣುವಂಗೆ ಇನ್ನೊಂದು ತೆಗೆದು ಅಂಗಡಿಯವರಿಗೆ ವಾಟ್ಸಾಪ್ ಮಾಡಿ. ಆಮೇಲೆ ಬಸ್ ಹತ್ತಿ. ಮಳವಳ್ಳಿಯಿಂದ ಮಂಡ್ಯಕ್ಕೆ ಎರಡು ಸಲ ಓಡಾಡೋದಕ್ಕಿಂತ ಇದು ಸಲೀಸು.

ಇಷ್ಟೆಲ್ಲ ತಾಪತ್ರಯ ಇದ್ದರೆ ಫ್ಲಾಂಜು ಯಾಕೆ ಬೇಕು, ಸಲ್ಯೂಷನ್ ಹಾಕಿ ಅಂಟಿಸಿಬಿಟ್ರೆ ಆಗಲ್ವಾ? ಬಿಚ್ಚೋ ಜಾಗದಲ್ಲಿ ಆಗಲ್ಲ. ಶಿಂಷಾ ಉಕ್ಕಿತು ಅಂದ್ರೆ ಪಂಪನ್ನ ರಾತ್ರೋರಾತ್ರಿ ಮೇಲೆ ತರಬೇಕು. ಫ್ಲಾಂಜು ಇದ್ದರೆ ನಾಲ್ಕು ಬೋಲ್ಟು. ಇಲ್ಲದಿದ್ದರೆ ಗರಗಸ ಹಿಡಿದು ಪೈಪು ಕೊಯ್ಯಬೇಕು, ಪ್ರತಿ ಸಲ ಪೈಪು ಗೇಣುದ್ದ ಗಿಡ್ಡ ಆಗ್ತದೆ. ಬೋರ್‌ವೆಲ್‌ನವರಿಗೆ ಒಳಗಿನ ಕಾಲಮ್ ಪೈಪು ಸಾಮಾನ್ಯವಾಗಿ ಥ್ರೆಡ್ಡಿನದು. ಅಲ್ಲಿ ಫ್ಲಾಂಜಿನ ಕೆಲಸ ಮೇಲೆ, ಗೇಟ್ ವಾಲ್ವ್ ಮತ್ತು ಡ್ರಿಪ್ ಫಿಲ್ಟರಿನ ಹತ್ತಿರ.

ಯಾವ ಪೈಪಿಗೆ ಯಾವುದು ಅನ್ನೋದು ಗೊಂದಲದ ವಿಷಯ ಅಲ್ಲ. ಪಿವಿಸಿಗೆ ಅಂಟಿಸುವ ಪಿವಿಸಿ ಫ್ಲಾಂಜು. ಜಿ.ಐ. ಪೈಪಿಗೆ ಮರೆ ಇರುವ ಥ್ರೆಡ್ ಫ್ಲಾಂಜು, ವೆಲ್ಡಿಂಗ್ ಬೇಡ. ಕಬ್ಬಿಣದ ಎಂಎಸ್ ಪೈಪಿಗೆ ಪೈಪಿನ ಮೇಲೆ ತೂರಿಸಿ ಒಳಗೂ ಹೊರಗೂ ವೆಲ್ಡ್ ಮಾಡುವ ಸ್ಲಿಪ್ ಆನ್. ಕರಿ ಎಚ್‌ಡಿಪಿಇ ಪೈಪಿನದು ನನಗೆ ತುಂಬಾ ಇಷ್ಟವಾದ ಜೋಡಣೆ: ಪೈಪಿನ ತುದಿಗೆ ಕಾಯಿಸಿ ಬೆಸೆದ ಟೇಲ್ ಪೀಸ್, ಅದರ ಹಿಂದೆ ಸಡಿಲವಾಗಿ ಓಡಾಡುವ ಕಬ್ಬಿಣದ ಬಳೆ. ಬಳೆ ತಿರುಗೋದರಿಂದ ತೂತಿಗೆ ತೂತು ತಾನಾಗೇ ಕೂರ್ತದೆ, ಪೈಪನ್ನ ತಿರುಚಬೇಕಾಗಿಲ್ಲ.

ಗುಜರಿ ಅಂಗಡಿಯಲ್ಲಿ ಕತ್ತಿನಂಗೆ ಉದ್ದಕ್ಕೆ ಚಾಚಿದ, ಎತ್ತಲಾರದಷ್ಟು ಭಾರದ ಫ್ಲಾಂಜು ಅಗ್ಗಕ್ಕೆ ಸಿಗ್ತದೆ. ಅದು ವೆಲ್ಡ್ ನೆಕ್, ಸಕ್ಕರೆ ಕಾರ್ಖಾನೆಯ ಹಬೆ ಲೈನಿನಂಥ ಹೆಚ್ಚು ಒತ್ತಡದ ಜಾಗಕ್ಕೆ ಮಾಡಿದ್ದು. ಗಟ್ಟಿ ಅಂತ ತರಬೇಡಿ, ನಿಮ್ಮ ಪಂಪಿನ ತೂತಿಗೆ ಅದು ಹೊಂದೋದು ಕಷ್ಟ.

ಒತ್ತಡದ ಲೆಕ್ಕ ಬೇಕಾದವರು ಶಿವನಸಮುದ್ರ ನೆನೆಸಿಕೊಳ್ಳಿ. ಮಳವಳ್ಳಿ ತಾಲ್ಲೂಕಿನ ಆ ವಿದ್ಯುತ್ ಕೇಂದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯ್ತು. ಮೇಲಿನ ನೀರನ್ನು ದೊಡ್ಡ ಪೈಪುಗಳಲ್ಲಿ ಕೆಳಕ್ಕೆ ಇಳಿಸಿ ಟರ್ಬೈನು ತಿರುಗಿಸೋದು ಅಲ್ಲಿಯ ಕೆಲಸ. ನೀರು 10 ಮೀಟರ್ ಇಳಿದಂತೆಲ್ಲ ಒತ್ತಡ ಚದರ ಸೆಂ.ಮೀ.ಗೆ ಸುಮಾರು 1 ಕೆಜಿ ಏರ್ತದೆ. ನಿಮ್ಮ ಹೊಲದಲ್ಲಿ ಅದೇ ಲೆಕ್ಕ ತಲೆಕೆಳಗು. 30 ಮೀಟರ್ ಮೇಲಕ್ಕೆ ನೀರು ಎತ್ತಿದರೆ ಪಂಪಿನ ಬಾಯಲ್ಲಿ 3 ಕೆಜಿ. ಅಂದ್ರೆ ಮೂರಿಂಚು ಫ್ಲಾಂಜನ್ನ ಸುಮಾರು 150 ಕೆಜಿ ಬಲ ಎಳೆದು ಬೇರೆ ಮಾಡೋಕೆ ನೋಡ್ತಾ ಇರ್ತದೆ. ಕರೆಂಟು ಹೋದಾಗ ವಾಪಸ್ ಬರುವ ನೀರಿನ ಏಟು ಇದಕ್ಕೂ ಜಾಸ್ತಿ. 4 ಕೆಜಿ ಪೈಪಾ, 6 ಕೆಜಿ ಪೈಪಾ ಅಂತ ಕೇಳುವ ನೀವು ಫ್ಲಾಂಜಿಗೂ ಅದನ್ನೇ ಕೇಳಿ.

ಡೆಲಿವರಿ ಕಡೆ ಫ್ಲಾಂಜು ಸೋರಿದರೆ ನೀರು ಚಿಮ್ಮಿ ತಾನೇ ಹೇಳ್ತದೆ. ಸಕ್ಷನ್ ಕಡೆ ಹಂಗಲ್ಲ, ಒಂದು ಹನಿಯೂ ಹೊರಗೆ ಬರಲ್ಲ, ಗಾಳಿ ಒಳಗೆ ಹೋಗ್ತದೆ. ಅದಕ್ಕೇ ಜನ ಮೋಟ್ರು, ಫುಟ್‌ವಾಲ್ವ್ ಅಂತ ಸುತ್ತಾಡಿ ದುಡ್ಡು ಕಳೀತಾರೆ. ಪತ್ತೆ ಮಾಡೋಕೆ ಮೋಟ್ರು ನಿಲ್ಲಿಸಿ, ಪಂಪಿಗೆ ಮೇಲಿಂದ ನೀರು ತುಂಬಿಸಿ ಸ್ವಲ್ಪ ಹೊತ್ತು ಬಿಡಿ. ಫುಟ್‌ವಾಲ್ವ್ ಸರಿ ಇದ್ದರೆ ನೀರು ನಿಲ್ತದೆ, ಸಡಿಲ ಫ್ಲಾಂಜಲ್ಲಿ ಜಿನುಗ್ತದೆ. ಇಲ್ಲಾಂದ್ರೆ ಪಂಪು ಓಡುವಾಗ ಜೋಡಣೆ ಸುತ್ತ ಸೋಪಿನ ನೊರೆ ಬಳೀರಿ. ನೊರೆ ಒಳಕ್ಕೆ ಎಳೆದ ಕಡೆ ತೂತಿದೆ. ಆ ಹುಡುಗನ ಪಂಪಲ್ಲಿ ನೊರೆ ಕಣ್ಣೆದುರೇ ಮಾಯ ಆಯ್ತು. 146ರ ನಾಲ್ಕು ತೂತಿನ ಫ್ಲಾಂಜು, ಹೊಸ ಪ್ಯಾಕಿಂಗು ಹಾಕಿದ ಮೇಲೆ ಅದೇ ಮೋಟ್ರು ನೀರು ಕೊಡ್ತು.

ಪ್ಯಾಕಿಂಗು ಅಂದಾಗ ಒಂದು ಮಾತು. ಲಾರಿ ಟ್ಯೂಬು ಕತ್ತರಿಸಿ ಹಾಕೋದು ನಮ್ಮಲ್ಲಿ ರೂಢಿ. ಡೆಲಿವರಿ ಕಡೆ ಹೆಂಗೋ ನಡೀತದೆ, ಸಕ್ಷನ್ ಕಡೆ ಮೆತ್ತಗಿನ ಟ್ಯೂಬನ್ನ ಪಂಪು ಒಳಕ್ಕೆ ಎಳ್ಕೊಂಡು ದಾರಿ ಕಟ್ಟಿಬಿಡ್ತದೆ. 3 ಮಿ.ಮೀ. ರಬ್ಬರ್ ಶೀಟಲ್ಲಿ, ಬೋಲ್ಟಿನ ತೂತೂ ಸೇರಿ ಫ್ಲಾಂಜಿನ ಪೂರ್ತಿ ಮುಖಕ್ಕೆ ಆಗುವಂಗೆ ಕತ್ತರಿಸಿ. ಮಧ್ಯದ ತೂತು ಪೈಪಿನ ಬಾಯಿಗಿಂತ ಚಿಕ್ಕದಾಗಬಾರದು. ಪಿವಿಸಿಗೂ ಬೀಡಿಗೂ ಪೂರ್ತಿ ಮುಖದ ಪ್ಯಾಕಿಂಗೇ ಬೇಕು. ಬರೀ ನಡುವೆ ಸಣ್ಣ ಉಂಗುರ ಹಾಕಿ ಅಂಚಲ್ಲಿ ಬಿಗಿದರೆ ಫ್ಲಾಂಜು ಬಗ್ಗಿ ಸೀಳ್ತದೆ.

ಬೋಲ್ಟನ್ನ ಸುತ್ತಿಗೆ ಸುತ್ತ ಬಿಗೀಬೇಡಿ. ಒಂದಾದ ಮೇಲೆ ಅದರ ಎದುರಿಂದು, ಹಂಗೆ ಅಡ್ಡಡ್ಡಕ್ಕೆ ಮೂರು ಸುತ್ತು, ಸ್ವಲ್ಪ ಸ್ವಲ್ಪವೇ. ಪಿವಿಸಿ ಆದರೆ ಬೋಲ್ಟಿನ ತಲೆಗೂ ನಟ್ಟಿಗೂ ಅಗಲದ ವಾಷರ್ ಕಡ್ಡಾಯ, ಸ್ಪ್ಯಾನರಿಗೆ ಪೈಪು ತೂರಿಸಿ ಬಲ ಹಾಕೋದು ಬೇಡವೇ ಬೇಡ. ಎರಡು ದಿನ ಪಂಪು ಓಡಿದ ಮೇಲೆ, ಮೋಟ್ರು ನಿಲ್ಲಿಸಿ, ಇನ್ನೊಂದು ಸಲ ಸ್ಪ್ಯಾನರ್ ಹಾಕಿ ನೋಡಿ. ರಬ್ಬರು ಕೂತಿರ್ತದೆ, ಕಾಲು ಸುತ್ತು ಹಿಡೀತದೆ.